ಈಕ್ವಿಟಿ ಕರ್ವ್: ಖಾತೆಯ ರೇಖೆ ನೋಡಿ ವಹಿವಾಟಿನ ಗಾತ್ರ ನಿರ್ಧರಿಸುವ ಸಮಗ್ರ ಮಾರ್ಗದರ್ಶಿ

ಷೇರು ಖಾತೆಯ ಒಟ್ಟು ಮೌಲ್ಯವನ್ನು ದಿನದ ಅಥವಾ ವಾರದ ಕೊನೆಗೆ ಬರೆದಿಟ್ಟು, ಆ ಅಂಕಿಗಳನ್ನು ದಿನಾಂಕದ ಎದುರು ರೇಖೆಯಾಗಿ ಎಳೆದರೆ ಸಿಗುವುದೇ ಈಕ್ವಿಟಿ ಕರ್ವ್. ಯಾವ ಷೇರು ಕೊಳ್ಳಬೇಕು, ಮಾರುಕಟ್ಟೆ ನಾಳೆ ಎತ್ತ ಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಈ ರೇಖೆಯಲ್ಲಿ ಉತ್ತರವಿಲ್ಲ. ಮುಂದಿನ ವಹಿವಾಟಿನಲ್ಲಿ ಎಷ್ಟು ಹಣವನ್ನು ಅಪಾಯಕ್ಕೆ ಒಡ್ಡಬಹುದು ಎಂಬ ಒಂದೇ ಒಂದು ಪ್ರಶ್ನೆಗೆ ಮಾತ್ರ ಅದು ಚೆನ್ನಾಗಿ ಉತ್ತರಿಸುತ್ತದೆ, ಮತ್ತು ಬಹುಪಾಲು ಖಾತೆಗಳು ಸೊರಗುವುದು ಆ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳದೆ ಇರುವುದರಿಂದಲೇ ಎಂಬುದು ನನ್ನ ಅಭಿಪ್ರಾಯ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022-23ರಲ್ಲಿ ನಗದು ವಿಭಾಗದಲ್ಲಿ, ಅಂದರೆ ಷೇರನ್ನೇ ನೇರವಾಗಿ ಕೊಂಡು ಮಾರುವ ಕಡೆ, ಒಂದೇ ದಿನದಲ್ಲಿ ಕೊಂಡು ಮಾರಿ ಮುಗಿಸುವ ಇಂಟ್ರಾಡೇ ವಹಿವಾಟು ನಡೆಸಿದ ವ್ಯಕ್ತಿಗಳ ಪೈಕಿ ಪ್ರತಿ ಹತ್ತರಲ್ಲಿ ಏಳು ಮಂದಿ ನಷ್ಟ ಅನುಭವಿಸಿದ್ದರು.

ಇಲ್ಲಿನ ಮಾತುಗಳು ಎನ್‌ಎಸ್‌ಇ ಅಥವಾ ಬಿಎಸ್‌ಇಯ ನಗದು ವಿಭಾಗದಲ್ಲಿ ಡೆಲಿವರಿ ಪಡೆದು, ಷೇರನ್ನು ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಇಟ್ಟುಕೊಳ್ಳುವ, ಕೊಳ್ಳುವ ಮೊದಲೇ ಸ್ಟಾಪ್‌ಲಾಸ್ (ನಷ್ಟ ಬೆಳೆಯದಂತೆ ಷೇರನ್ನು ಮಾರಿಬಿಡುವ ಬೆಲೆ) ನಿಗದಿ ಮಾಡಿಕೊಳ್ಳುವ ಸ್ವಿಂಗ್ ಟ್ರೇಡರ್‌ಗೆ ಅನ್ವಯಿಸುತ್ತವೆ. ತಿಂಗಳು ತಿಂಗಳು ಎಸ್‌ಐಪಿ ಕಟ್ಟಿ ಹದಿನೈದು ವರ್ಷ ಕಾಯುವವರಿಗೆ ಇದರ ಅಗತ್ಯವಿಲ್ಲ. ಅವರು ರೇಖೆಯನ್ನು ಪದೇ ಪದೇ ನೋಡದಿರುವುದೇ ಒಳ್ಳೆಯದು.

ಹಂತ 1: ಖಾತೆಯ ಗಡಿ ಗುರುತಿಸುವುದು

ರೇಖೆಯೊಳಗೆ ಯಾವ ಹಣ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಮೊದಲೇ ತೀರ್ಮಾನಿಸಿ ಬರೆದಿಡಬೇಕು. ಅಪ್ಪನ ಕಾಲದಿಂದ ಬಂದ ಷೇರು, ಮ್ಯೂಚುವಲ್ ಫಂಡ್, ಮಾರುವ ಯೋಚನೆಯೇ ಇಲ್ಲದ ದೀರ್ಘಾವಧಿ ಹೂಡಿಕೆ ಇವೆಲ್ಲ ಹೊರಗಿರಲಿ. ಎಫ್ ಆ್ಯಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ವಹಿವಾಟು ಇದ್ದರೆ ಅದಕ್ಕೆ ಪ್ರತ್ಯೇಕ ರೇಖೆ ಬೇಕು, ಏಕೆಂದರೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಯಾವುದರಿಂದ ಬಂದ ಲಾಭ ಯಾವುದರ ನಷ್ಟವನ್ನು ಮುಚ್ಚುತ್ತಿದೆ ಎಂಬುದು ಗೊತ್ತಾಗುವುದೇ ಇಲ್ಲ.

ಒಳಗೆ ಸೇರಬೇಕಾದವು ಇವು: ಕೈಯಲ್ಲಿರುವ ಷೇರುಗಳ ಅಂದಿನ ಮುಕ್ತಾಯದ ಬೆಲೆ, ಬ್ರೋಕರ್ ಲೆಡ್ಜರ್‌ನಲ್ಲಿರುವ ನಗದು, ಮಾರಿದ್ದರೂ ಇನ್ನೂ ಇತ್ಯರ್ಥವಾಗದೆ ಮರುದಿನ ಬರಬೇಕಿರುವ ಹಣ, ಮತ್ತು ಈ ಷೇರುಗಳ ಮೇಲೆ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾದ ಡಿವಿಡೆಂಡ್. ಕೊನೆಯದನ್ನು ಮರೆಯುವವರೇ ಹೆಚ್ಚು, ಏಕೆಂದರೆ ಅದು ಬ್ರೋಕರ್ ಆ್ಯಪ್‌ನ ನಗದಿನಲ್ಲಿ ಕಾಣುವುದಿಲ್ಲ.

ಇನ್ನೂ ಎರಡು ಕಡೆ ರೇಖೆ ಸುಳ್ಳು ಹೇಳುತ್ತದೆ. ಸೆಬಿ ನಿಯಮದಂತೆ ಬ್ರೋಕರ್‌ಗಳು ಬಳಕೆಯಾಗದೆ ಉಳಿದ ಹಣವನ್ನು ಗ್ರಾಹಕ ಆರಿಸಿಕೊಂಡಂತೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಅವರ ಬ್ಯಾಂಕ್ ಖಾತೆಗೆ ಹಿಂದಿರುಗಿಸಬೇಕು. ಆ ದಿನ ಲೆಡ್ಜರ್‌ನಲ್ಲಿದ್ದ ಎರಡು ಲಕ್ಷ ಮಾಯವಾಗಿ, ರೇಖೆ ಕಡಿದು ಬಿದ್ದಂತೆ ತೋರುತ್ತದೆ. ಆದರೆ ಅದು ನಷ್ಟವೂ ಅಲ್ಲ, ನೀವು ಹಿಂಪಡೆದ ಹಣವೂ ಅಲ್ಲ. ವಹಿವಾಟಿಗೆಂದೇ ಮೀಸಲಾದ ಒಂದು ಬ್ಯಾಂಕ್ ಖಾತೆಯನ್ನು ಜೋಡಿಸಿ, ಅದರ ಶಿಲ್ಕನ್ನೂ ರೇಖೆಯ ಭಾಗವೆಂದೇ ಎಣಿಸಿದರೆ ಈ ತೊಡಕು, ಡಿವಿಡೆಂಡ್‌ನ ತೊಡಕು ಎರಡೂ ಒಟ್ಟಿಗೆ ಬಗೆಹರಿಯುತ್ತವೆ.

ಎರಡನೆಯದು ಬೋನಸ್ ಮತ್ತು ವಿಭಜನೆ. ಬೆಂಗಳೂರಿನ ಇನ್ಫೊಸಿಸ್ 2018ರ ಸೆಪ್ಟೆಂಬರಿನಲ್ಲಿ ಒಂದಕ್ಕೊಂದು ಬೋನಸ್, ಅಂದರೆ ಕೈಯಲ್ಲಿರುವ ಪ್ರತಿ ಷೇರಿಗೆ ಒಂದು ಉಚಿತ ಷೇರು, ಕೊಟ್ಟಾಗ ಷೇರಿನ ಬೆಲೆ ಒಂದೇ ದಿನದಲ್ಲಿ ಅರ್ಧಕ್ಕೆ ಹೊಂದಿಕೊಂಡಿತು, ಹೊಸ ಷೇರುಗಳು ಡಿಮ್ಯಾಟ್ ಖಾತೆಗೆ ಬಂದಿದ್ದು ಕೆಲವು ದಿನಗಳ ನಂತರ. ಆ ಮಧ್ಯಂತರದಲ್ಲಿ ಆ್ಯಪ್ ತೋರಿಸುವ ಮೊತ್ತವನ್ನೇ ನಕಲು ಮಾಡಿದವರ ರೇಖೆಯಲ್ಲಿ ಇಲ್ಲದ ನಷ್ಟವೊಂದು ಮೂಡಿರುತ್ತದೆ. 2024ರ ಅಕ್ಟೋಬರ್‌ನಿಂದ ಬೋನಸ್ ಷೇರುಗಳು ದಾಖಲೆ ದಿನಾಂಕದ (ಬೋನಸ್ ಯಾರಿಗೆ ಸಲ್ಲಬೇಕೆಂದು ಕಂಪನಿ ಪಟ್ಟಿ ನೋಡುವ ದಿನದ) ನಂತರ ಎರಡನೇ ವಹಿವಾಟು ದಿನಕ್ಕೇ ಮಾರಾಟಕ್ಕೆ ಲಭ್ಯವಾಗುವುದರಿಂದ ಅಂತರ ಕಿರಿದಾಗಿದೆ. ಆದರೂ ಆ ದಿನಗಳಲ್ಲಿ ಷೇರು ಸಂಖ್ಯೆಯನ್ನು ಕೈಯಾರೆ ತಿದ್ದುವುದು ಅನಿವಾರ್ಯ.

ಹಂತ 2: ಯೂನಿಟ್ ಪದ್ಧತಿಯಲ್ಲಿ ಎನ್‌ಎವಿ ಕಟ್ಟುವುದು

ರೂಪಾಯಿಯಲ್ಲಿ ಎಳೆದ ರೇಖೆ, ನಡುವೆ ಹಣ ಹಾಕಿದರೂ ತೆಗೆದರೂ ಕೆಟ್ಟುಹೋಗುತ್ತದೆ. ಮ್ಯೂಚುವಲ್ ಫಂಡ್‌ಗಳು ಮಾಡುವುದನ್ನೇ ನಾವೂ ಮಾಡಿದರೆ ಈ ಸಮಸ್ಯೆ ತೀರುತ್ತದೆ. ಮೊದಲ ದಿನ ಒಂದು ಯೂನಿಟ್‌ಗೆ 100 ರೂಪಾಯಿ ಎಂದು ಇಟ್ಟುಕೊಳ್ಳಿ. ಒಂದು ಯೂನಿಟ್‌ನ ಈ ಮೌಲ್ಯವೇ ಎನ್‌ಎವಿ. 5,00,000 ರೂಪಾಯಿಯಿಂದ ಆರಂಭಿಸಿದರೆ ನಿಮ್ಮಲ್ಲಿ 5,000 ಯೂನಿಟ್‌ಗಳಿವೆ.

ಕೆಲವು ತಿಂಗಳಲ್ಲಿ ಖಾತೆ 5,40,000ಕ್ಕೆ ಏರಿತು ಎನ್ನೋಣ. ಎನ್‌ಎವಿ 108. ಆ ದಿನ ನೀವು ಹೊಸದಾಗಿ 1,00,000 ರೂಪಾಯಿ ಹಾಕುತ್ತೀರಿ. ಅದನ್ನು 108ರಿಂದ ಭಾಗಿಸಿದರೆ 925.93 ಹೊಸ ಯೂನಿಟ್‌ಗಳು ಸಿಗುತ್ತವೆ. ಒಟ್ಟು ಯೂನಿಟ್ 5,925.93, ಒಟ್ಟು ಮೌಲ್ಯ 6,40,000, ಎನ್‌ಎವಿ ಮಾತ್ರ 108ರಲ್ಲೇ ನಿಂತಿರುತ್ತದೆ. ಮುಂದಿನ ತಿಂಗಳು ಖಾತೆ 6,08,000ಕ್ಕೆ ಇಳಿಯಿತು. ರೂಪಾಯಿ ರೇಖೆ ನೋಡಿದವನಿಗೆ 5,40,000 ಇದ್ದದ್ದು 6,08,000 ಆಗಿದೆ, ಹಾಕಿದ ಆರು ಲಕ್ಷಕ್ಕಿಂತ ಎಂಟು ಸಾವಿರ ಹೆಚ್ಚೇ ಇದೆ, ಚಿಂತೆಯಿಲ್ಲ ಎನಿಸುತ್ತದೆ. ಎನ್‌ಎವಿ ಮಾತ್ರ 102.60ಕ್ಕೆ ಬಂದಿದೆ, ಅಂದರೆ ಶಿಖರದಿಂದ ಸರಿಯಾಗಿ ಶೇ 5ರಷ್ಟು ಕುಸಿತ. ವಹಿವಾಟಿನ ಗುಣ ಹೇಳುವುದು ಈ ಎರಡನೆಯ ಅಂಕಿಯೇ. ಹಣ ಹಿಂಪಡೆದಾಗಲೂ ಇದೇ ಕ್ರಮ: ಆ ದಿನದ ಎನ್‌ಎವಿಯಿಂದ ಭಾಗಿಸಿ ಅಷ್ಟು ಯೂನಿಟ್‌ಗಳನ್ನು ಕಳೆಯಿರಿ.

ಇದಕ್ಕೆ ಒಂದು ಗೂಗಲ್ ಶೀಟ್ ಸಾಕು. ದಿನಾಂಕ, ಷೇರುಗಳ ಮೌಲ್ಯ, ನಗದು, ಹಾಕಿದ ಅಥವಾ ತೆಗೆದ ಹಣ, ಯೂನಿಟ್‌ಗಳು, ಎನ್‌ಎವಿ, ಈವರೆಗಿನ ಗರಿಷ್ಠ ಎನ್‌ಎವಿ, ಶಿಖರದಿಂದ ಆದ ಇಳಿಕೆ ಎಂಬ ಎಂಟು ಕಾಲಂಗಳು. ಮುಕ್ತಾಯದ ಬೆಲೆಗಳನ್ನು ಗೂಗಲ್‌ಫೈನಾನ್ಸ್ ಫಂಕ್ಷನ್ ತಾನಾಗಿ ತುಂಬಿಕೊಡುತ್ತದೆ. ದಿನಾ ಬರೆಯಲಾಗದವರು ಶುಕ್ರವಾರ ಮೂರೂವರೆಗೆ ಮಾರುಕಟ್ಟೆ ಮುಚ್ಚಿದ ಮೇಲೆ ವಾರಕ್ಕೊಮ್ಮೆ ಬರೆದರೂ ಈ ಬಗೆಯ ವಹಿವಾಟಿಗೆ ಧಾರಾಳವಾಯಿತು.

ಹಂತ 3: ಬುಕ್ ಮಾಡದ ನಷ್ಟವನ್ನೂ ಎಣಿಸುವುದು

ಬ್ರೋಕರ್ ಕೊಡುವ ಲಾಭ-ನಷ್ಟ ವರದಿ ಮಾರಿ ಮುಗಿದ ಷೇರುಗಳದ್ದು. ಏರಿದ್ದನ್ನು ಬೇಗ ಮಾರಿ ಇಳಿದದ್ದನ್ನು ಹಿಡಿದು ಕೂರುವುದು ನಮ್ಮಲ್ಲಿ ತೀರಾ ಸಾಮಾನ್ಯವಾದ ಚಾಳಿ, ಮತ್ತು ಹಾಗೆ ಮಾಡುವವರ ವರದಿಯಲ್ಲಿ ಲಾಭದ ರೇಖೆ ಮೆಟ್ಟಿಲು ಹತ್ತಿದಂತೆ ನೆಟ್ಟಗೆ ಮೇಲೇರುತ್ತಲೇ ಇರುತ್ತದೆ. ಹೋಲ್ಡಿಂಗ್ಸ್ ಪುಟ ತೆರೆದರೆ ಶೇ 40 ಇಳಿದ ನಾಲ್ಕು ಷೇರುಗಳು ಕೆಂಪಗೆ ಕುಳಿತಿರುತ್ತವೆ. ಅತಿ ನಯವಾದ ರೇಖೆ ಕಂಡರೆ ಮೊದಲು ಅನುಮಾನ ಪಡಬೇಕಾದದ್ದು ಇಲ್ಲೇ. ಆದ್ದರಿಂದ ಎನ್‌ಎವಿ ಯಾವಾಗಲೂ ಅಂದಿನ ಮಾರುಕಟ್ಟೆ ಬೆಲೆಯಲ್ಲೇ ಲೆಕ್ಕವಾಗಬೇಕು.

ಇದರ ಜೊತೆಗೆ ಎರಡನೆಯ ರೇಖೆಯೊಂದನ್ನು ಎಳೆಯುವಂತೆ ಒತ್ತಿ ಹೇಳುತ್ತೇನೆ. ಪ್ರತಿ ಷೇರನ್ನೂ ಮಾರುಕಟ್ಟೆ ಬೆಲೆಯ ಬದಲು ಅದರ ಸ್ಟಾಪ್‌ಲಾಸ್ ಬೆಲೆಯಲ್ಲಿ ಲೆಕ್ಕ ಹಿಡಿದರೆ, ಎಲ್ಲ ಸ್ಟಾಪ್‌ಗಳೂ ಒಟ್ಟಿಗೆ ತಗುಲಿದಾಗ ಉಳಿಯುವ ಎನ್‌ಎವಿ ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ ಖಾತೆಯ 6,08,000ದಲ್ಲಿ ಹೊಸದಾಗಿ ಕೊಂಡ ಐದು ಷೇರುಗಳಿದ್ದು, ಪ್ರತಿಯೊಂದರಲ್ಲೂ ಖಾತೆಯ ಶೇ 1ರಷ್ಟು ಅಪಾಯವಿದ್ದರೆ, ಐದೂ ಸ್ಟಾಪ್ ತಗುಲಿದ ನಂತರ ಉಳಿಯುವುದು 5,77,600 ರೂಪಾಯಿ, ಎನ್‌ಎವಿ 97.47. ತೆರೆಯ ಮೇಲೆ ಕಾಣುವ ಕುಸಿತ ಶೇ 5, ಆದರೆ ನೀವು ಈಗಾಗಲೇ ಒಪ್ಪಿ ಸಹಿ ಹಾಕಿರುವ ಕುಸಿತ ಶೇ 9.75. ಆರನೆಯ ಷೇರು ಕೊಳ್ಳಬೇಕೇ ಎಂಬ ಪ್ರಶ್ನೆ ಬಂದಾಗ ನೋಡಬೇಕಾದದ್ದು ಈ ಎರಡನೆಯ ಅಂಕಿ.

ಐದೂ ಒಂದೇ ದಿನ ತಗುಲುತ್ತವೆಯೇ ಎಂದು ಕೇಳುವವರು 2024ರ ಜೂನ್ 4ನ್ನು ನೆನಪಿಸಿಕೊಳ್ಳಬಹುದು. ಲೋಕಸಭಾ ಚುನಾವಣೆಯ ಮತ ಎಣಿಕೆಯ ಆ ದಿನ ನಿಫ್ಟಿ ಸುಮಾರು ಶೇ 6ರಷ್ಟು ಕುಸಿಯಿತು. ಅದರ ಹಿಂದಿನ ದಿನವಷ್ಟೇ ಶೇ 3ಕ್ಕೂ ಹೆಚ್ಚು ಏರಿತ್ತು. ಬೇರೆ ಬೇರೆ ವಲಯದ ಷೇರುಗಳೆಂದು ನಂಬಿ ಕೊಂಡಿದ್ದೆಲ್ಲ ಅಂಥ ದಿನ ಒಂದೇ ಷೇರಿನಂತೆ ವರ್ತಿಸುತ್ತದೆ. ಬೆಲೆ ಸ್ಟಾಪ್‌ಗಿಂತ ಕೆಳಗೇ ತೆರೆದುಕೊಂಡರೆ ನಷ್ಟ ಲೆಕ್ಕಕ್ಕಿಂತಲೂ ಹೆಚ್ಚು.

ಹಂತ 4: ಕುಸಿತವನ್ನು ಅಳೆಯುವುದು

ಈವರೆಗಿನ ಗರಿಷ್ಠ ಎನ್‌ಎವಿಯಿಂದ ಇಂದಿನ ಎನ್‌ಎವಿ ಎಷ್ಟು ಶೇಕಡಾ ಕೆಳಗಿದೆ ಎಂಬುದೇ ಡ್ರಾಡೌನ್. ಕುಸಿತಕ್ಕೂ ಚೇತರಿಕೆಗೂ ಸಮಪ್ರಮಾಣವಿಲ್ಲ: ಶೇ 10 ಕಳೆದುಕೊಂಡರೆ ಮೊದಲಿನ ಮಟ್ಟಕ್ಕೆ ಬರಲು ಶೇ 11.1 ಗಳಿಸಬೇಕು, ಶೇ 20ಕ್ಕೆ ಶೇ 25, ಶೇ 30ಕ್ಕೆ ಸುಮಾರು ಶೇ 43, ಶೇ 50ಕ್ಕೆ ಶೇ 100. ನಿಫ್ಟಿ 50 ಸೂಚ್ಯಂಕ 2020ರ ಜನವರಿ 14ರಂದು 12,362ರಲ್ಲಿ ಮುಕ್ತಾಯವಾಗಿದ್ದುದು ಮಾರ್ಚ್ 23ಕ್ಕೆ 7,610ಕ್ಕೆ ಇಳಿಯಿತು. ಶೇ 38ರ ಆ ಕುಸಿತವನ್ನು ತುಂಬಲು ಶೇ 62ರ ಏರಿಕೆ ಬೇಕಾಯಿತು. ನವೆಂಬರಿನಲ್ಲಿ ಅದು ತುಂಬಿತು ಕೂಡ. ಸೂಚ್ಯಂಕ ಮೇಲೆದ್ದಂತೆ ಒಬ್ಬ ವ್ಯಕ್ತಿಯ ವಹಿವಾಟು ಖಾತೆಯೂ ತಾನಾಗಿ ಮೇಲೇಳಬೇಕೆಂಬ ನಿಯಮವೇನೂ ಇಲ್ಲ. ಆಳದ ಜೊತೆಗೆ ಅವಧಿಯನ್ನೂ ಬರೆದಿಡಿ. ಶೇ 6ರ ಕುಸಿತದಲ್ಲಿ ಹದಿನಾಲ್ಕು ತಿಂಗಳು ಕುಳಿತಿರುವುದು, ಶೇ 12 ಇಳಿದು ಮೂರೇ ತಿಂಗಳಲ್ಲಿ ಎದ್ದುದಕ್ಕಿಂತ ಮನಸ್ಸನ್ನು ಹೆಚ್ಚು ಹಣ್ಣು ಮಾಡುತ್ತದೆ.

ಹಂತ 5: ಗಾತ್ರದ ಮೆಟ್ಟಿಲುಗಳನ್ನು ಮೊದಲೇ ಬರೆದಿಡುವುದು

ಗಾತ್ರದ ಲೆಕ್ಕ ಸರಳ. 6,08,000ದ ಶೇ 1 ಎಂದರೆ 6,080 ರೂಪಾಯಿ. ಒಂದು ವಹಿವಾಟಿನಲ್ಲಿ ಕಳೆದುಕೊಳ್ಳಲು ಸಿದ್ಧವಿರುವ ಮೊತ್ತ ಇಷ್ಟು. ಷೇರಿನ ಬೆಲೆ 400, ಸ್ಟಾಪ್ 380 ಆದರೆ ಪ್ರತಿ ಷೇರಿಗೆ 20 ರೂಪಾಯಿ ಅಪಾಯ, ಹಾಗಾಗಿ 304 ಷೇರು ಕೊಳ್ಳಬಹುದು. ತೊಡಗಿಸುವ ಹಣ 1,21,600 ರೂಪಾಯಿ. ಅಪಾಯವನ್ನು ಅರ್ಧ ಶೇಕಡಾಕ್ಕೆ ಇಳಿಸಿದರೆ ಅದೇ ಷೇರನ್ನು, ಅದೇ ಸ್ಟಾಪ್‌ನೊಂದಿಗೆ, 152 ಮಾತ್ರ ಕೊಳ್ಳುತ್ತೀರಿ. ಸ್ಟಾಪ್ ಹತ್ತಿರ ತಂದು ಅಪಾಯ ತಗ್ಗಿಸಿದೆ ಎಂದುಕೊಳ್ಳುವುದು ತಪ್ಪು, ಏಕೆಂದರೆ ಅದರಿಂದ ಪದ್ಧತಿಯೇ ಬದಲಾಗಿಬಿಡುತ್ತದೆ.

ಯಾವ ಕುಸಿತಕ್ಕೆ ಗಾತ್ರ ತಗ್ಗಿಸಬೇಕು ಎಂಬುದಕ್ಕೆ ನಿಮ್ಮ ಪದ್ಧತಿಯಲ್ಲಿ ಸಹಜವಾಗಿ ಬರುವ ಕುಸಿತ ಎಷ್ಟು ಎಂಬುದೇ ಆಧಾರ. ಬ್ರೇಕ್‌ಔಟ್‌ನಲ್ಲಿ, ಅಂದರೆ ಷೇರು ತನ್ನ ಹಿಂದಿನ ಎತ್ತರ ದಾಟಿದಾಗ, ಕೊಳ್ಳುವವರ ಗೆಲುವಿನ ಪ್ರಮಾಣ ಶೇ 40 ಎಂದು ಇಟ್ಟುಕೊಳ್ಳೋಣ; ಗೆದ್ದಾಗ ದೊಡ್ಡದಾಗಿ ಗೆಲ್ಲುವುದರಿಂದ ಅಷ್ಟೇ ಸಾಕಾಗುತ್ತದೆ. ಫಲಿತಾಂಶಗಳು ಪರಸ್ಪರ ಸಂಬಂಧವಿಲ್ಲದೆ ಬರುತ್ತವೆ ಎಂದು ಹಿಡಿದರೂ, ನೂರು ವಹಿವಾಟುಗಳಲ್ಲಿ ಒಮ್ಮೆಯಾದರೂ ಸತತ ಎಂಟು ನಷ್ಟ ಎದುರಾಗುವ ಸಂಭವ ಸುಮಾರು ಅರ್ಧದಷ್ಟಿದೆ. ಶೇ 1ರಂತೆ ಎಂಟು ನಷ್ಟ ಎಂದರೆ ಶೇ 7.7 ಕುಸಿತ. ಅಂದಮೇಲೆ ಶೇ 5ಕ್ಕೇ ವಹಿವಾಟು ನಿಲ್ಲಿಸುತ್ತೇನೆ ಎಂಬ ನಿಯಮ ಆರೋಗ್ಯವಾಗಿರುವ ಪದ್ಧತಿಯನ್ನೇ ಮಧ್ಯದಲ್ಲಿ ಕೊಂದಂತೆ.

ಈ ಲೆಕ್ಕದ ಮೇಲೆ ನಿಂತ ಒಂದು ಮೆಟ್ಟಿಲು ಹೀಗಿರಬಹುದು. ಕುಸಿತ ಶೇ 8ರೊಳಗಿದ್ದರೆ ಪ್ರತಿ ವಹಿವಾಟಿಗೆ ಶೇ 1 ಅಪಾಯ. ಶೇ 8 ದಾಟಿದರೆ ಶೇ 0.5, ಶೇ 12 ದಾಟಿದರೆ ಶೇ 0.25, ಶೇ 16 ದಾಟಿದರೆ ಹೊಸ ಖರೀದಿ ಬಂದ್, ಇರುವ ಷೇರುಗಳು ತಮ್ಮ ಸ್ಟಾಪ್‌ನಲ್ಲಿ ಹೊರಬೀಳಲಿ. ಮೆಟ್ಟಿಲುಗಳಿಲ್ಲದೆ ಸದಾ ಶೇ 1 ಅಪಾಯ ತೆಗೆದುಕೊಳ್ಳುವವರು ಸತತ 18 ನಷ್ಟಗಳಲ್ಲಿ ಶೇ 16ರ ಗೆರೆ ದಾಟುತ್ತಾರೆ. ಮೆಟ್ಟಿಲು ಇಟ್ಟುಕೊಂಡವರಿಗೆ ಅದಕ್ಕೆ 35 ನಷ್ಟ ಬೇಕು. ಆ ಹೆಚ್ಚುವರಿ 17 ವಹಿವಾಟುಗಳಲ್ಲಿ ಮಾರುಕಟ್ಟೆ ಬದಲಾಗಲು, ಪದ್ಧತಿಯ ಲೋಪ ಪತ್ತೆಯಾಗಲು ಸಮಯ ಸಿಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಶೇ 8ರ ಕುಸಿತದಿಂದ ಏಳಲು ಶೇ 8.7 ಗಳಿಸಬೇಕು, ಅದನ್ನು ಅರ್ಧ ಗಾತ್ರದಲ್ಲಿ ಗಳಿಸಬೇಕೆಂದರೆ ಹೆಚ್ಚುಕಡಿಮೆ ಎರಡರಷ್ಟು ವಹಿವಾಟು ಬೇಕು. ಗಾತ್ರ ತಗ್ಗಿಸಿದ ಮಾರನೇ ದಿನವೇ ದೊಡ್ಡ ಏರಿಕೆ ಶುರುವಾದರೆ ಅದರಲ್ಲಿ ಅರ್ಧ ಪಾಲು ಮಾತ್ರ ನಿಮ್ಮದು. ಮೆಟ್ಟಿಲು ಲಾಭ ಹೆಚ್ಚಿಸುವ ಉಪಾಯವಲ್ಲ, ಉಳಿದುಕೊಳ್ಳುವ ವಿಮೆ, ಪ್ರೀಮಿಯಂ ಕಟ್ಟಲೇಬೇಕು.

ಈ ಆಲೋಚನೆ ಹಳೆಯದು. 1983ರಲ್ಲಿ ಅಮೆರಿಕದ ರಿಚರ್ಡ್ ಡೆನ್ನಿಸ್ ಮತ್ತು ವಿಲಿಯಂ ಎಕ್‌ಹಾರ್ಟ್ ಅವರು ಟರ್ಟಲ್‌ಗಳೆಂದು ಹೆಸರಾದ ತಮ್ಮ ಶಿಷ್ಯರಿಗೆ ಸರಕು ಫ್ಯೂಚರ್ಸ್ ವಹಿವಾಟು ಕಲಿಸಿದಾಗ, ಖಾತೆ ಶೇ 10 ಇಳಿದಾಗಲೆಲ್ಲ ಗಾತ್ರದ ಲೆಕ್ಕಕ್ಕೆ ಹಿಡಿಯುವ ಬಂಡವಾಳವನ್ನು ಶೇ 20 ಕಡಿತ ಮಾಡುವ ನಿಯಮ ಇಟ್ಟಿದ್ದರು. ನಷ್ಟಕ್ಕಿಂತ ವೇಗವಾಗಿ ಗಾತ್ರ ಇಳಿಯಬೇಕೆಂಬುದೇ ಅದರ ಜೀವ.

ಹಂತ 6: ನೆರಳು ರೇಖೆ ಎಳೆಯುವುದು

ಗಾತ್ರ ತಗ್ಗಿಸಿದ ಅಥವಾ ನಿಲ್ಲಿಸಿದ ಮೇಲೆ ನಿಮ್ಮ ನಿಜವಾದ ಎನ್‌ಎವಿ ಚಪ್ಪಟೆಯಾಗುತ್ತದೆ. ಪೂರ್ತಿ ನಗದಿನಲ್ಲಿದ್ದರೆ ಅದು ಅಲುಗಾಡುವುದೇ ಇಲ್ಲ. ಹಾಗಿರುವಾಗ ಮರಳಿ ಯಾವಾಗ ಶುರು ಮಾಡಬೇಕೆಂಬುದನ್ನು ಆ ರೇಖೆಯಿಂದ ತಿಳಿಯುವುದು ಸಾಧ್ಯವಿಲ್ಲ. ಈ ವಿಷಯದಲ್ಲಿ ಜನ ಎಡವುವುದು ಬಹುಮಟ್ಟಿಗೆ ಇಲ್ಲೇ: ನಿಲ್ಲಿಸುವ ನಿಯಮ ಇರುತ್ತದೆ, ಮರಳುವ ನಿಯಮ ಇರುವುದಿಲ್ಲ, ಕೊನೆಗೆ ಪಕ್ಕದ ಮನೆಯವರೂ ಷೇರಿನ ಲಾಭದ ಮಾತಾಡತೊಡಗಿದಾಗ ಪೂರ್ತಿ ಗಾತ್ರದಲ್ಲಿ ಮರಳುತ್ತಾರೆ.

ಆದ್ದರಿಂದ ಶೀಟಿನ ಇನ್ನೊಂದು ಪುಟದಲ್ಲಿ, ನಿಮ್ಮ ನಿಯಮಗಳು ಸೂಚಿಸಿದ ಪ್ರತಿಯೊಂದು ವಹಿವಾಟನ್ನೂ, ನಿಜವಾಗಿ ಕೊಂಡಿದ್ದರೂ ಕೊಳ್ಳದಿದ್ದರೂ, ಪೂರ್ತಿ ಗಾತ್ರದಲ್ಲಿ ಮಾಡಿದಂತೆ ದಾಖಲಿಸಿ. ಫಲಿತಾಂಶವನ್ನು ‘ಆರ್’ ಲೆಕ್ಕದಲ್ಲಿ ಬರೆಯುವುದು ಅನುಕೂಲ. ಆ ವಹಿವಾಟಿಗೆ ಒಡ್ಡಿದ ಅಪಾಯವೇ ಒಂದು ಆರ್: 20 ರೂಪಾಯಿ ಅಪಾಯಕ್ಕೆ 50 ರೂಪಾಯಿ ಲಾಭ ಬಂದರೆ +2.5 ಆರ್, ಸ್ಟಾಪ್ ತಗುಲಿದರೆ −1 ಆರ್. ಖರ್ಚನ್ನು ಕಳೆಯುವುದನ್ನು ಮರೆಯಬಾರದು. ಡೆಲಿವರಿ ವಹಿವಾಟಿನಲ್ಲಿ ಕೊಳ್ಳುವಾಗಲೂ ಮಾರುವಾಗಲೂ ಶೇ 0.1 ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ), ಕೊಳ್ಳುವಾಗ ಶೇ 0.015 ಸ್ಟ್ಯಾಂಪ್ ಶುಲ್ಕ ಇವೆರಡೇ ಸೇರಿ 1,21,600 ರೂಪಾಯಿಗೆ ಕೊಂಡು ಅದೇ ಬೆಲೆಗೆ ಮಾರಿದರೂ ಸುಮಾರು 260 ರೂಪಾಯಿ ಆಗುತ್ತದೆ. ಇದರ ಮೇಲೆ ಬ್ರೋಕರೇಜ್, ವಿನಿಮಯ ಕೇಂದ್ರದ ಶುಲ್ಕ, ಜಿಎಸ್‌ಟಿ, ಮಾರುವಾಗ ಡಿಮ್ಯಾಟ್ ಖಾತೆಗೆ ಬೀಳುವ ಡಿಪಿ ಶುಲ್ಕ. ಬ್ರೋಕರ್ ಕಳಿಸುವ ವಹಿವಾಟಿನ ಬಿಲ್ ಆದ ಕಾಂಟ್ರಾಕ್ಟ್ ನೋಟ್ ನೋಡಿ ನಿಮ್ಮ ಸರಾಸರಿ ಖರ್ಚು ಕಂಡುಕೊಂಡು ಅದನ್ನೇ ನೆರಳು ವಹಿವಾಟಿಗೂ ಹಾಕಿ. ಈ ದಾಖಲೆಗಳನ್ನು ಕೂಡಿಸುತ್ತಾ ಹೋದರೆ ಸಿಗುವುದೇ ನೆರಳು ರೇಖೆ.

ಟರ್ಟಲ್‌ಗಳ ಇನ್ನೊಂದು ನಿಯಮ ಇಲ್ಲಿ ಸ್ವಾರಸ್ಯಕರವಾಗಿದೆ. ಇಪ್ಪತ್ತು ದಿನಗಳ ಬ್ರೇಕ್‌ಔಟ್ ಪದ್ಧತಿಯಲ್ಲಿ, ಅದೇ ಸರಕಿನ ಹಿಂದಿನ ಸೂಚನೆ ಲಾಭ ತಂದಿದ್ದರೆ ಈಗಿನದನ್ನು ಬಿಟ್ಟುಬಿಡುತ್ತಿದ್ದರು; ಹಿಂದಿನದನ್ನು ನಿಜವಾಗಿ ತೆಗೆದುಕೊಂಡಿದ್ದರೋ ಇಲ್ಲವೋ ಎಂಬುದು ಗಣನೆಗೆ ಬರುತ್ತಿರಲಿಲ್ಲ. ತೆಗೆದುಕೊಳ್ಳದ ವಹಿವಾಟಿನ ಲೆಕ್ಕ ಇಡದವರಿಗೆ ಆ ನಿಯಮ ಪಾಲಿಸುವುದೇ ಅಸಾಧ್ಯವಾಗಿತ್ತು. ಗೆಲುವಿನ ನಂತರ ಗೆಲುವು ಬರುತ್ತದೆ ಎಂಬ ನಂಬಿಕೆಗೆ ಇದು ಪೂರ್ತಿ ವಿರುದ್ಧ ದಿಕ್ಕಿನಲ್ಲಿದೆ ಎಂಬುದನ್ನೂ ಗಮನಿಸಿ. ಮುಂದಿನ ಹಂತಕ್ಕೆ ಅದು ಮುಖ್ಯ.

ಹಂತ 7: ರೇಖೆಯ ಮೇಲಿನ ಸರಾಸರಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವುದು

ಈಕ್ವಿಟಿ ಕರ್ವ್ ಟ್ರೇಡಿಂಗ್ ಎಂದು ಹೆಚ್ಚು ಪ್ರಚಾರದಲ್ಲಿರುವುದು ಈ ವಿಧಾನ: ನೆರಳು ರೇಖೆಗೆ ಇಪ್ಪತ್ತು ಅಥವಾ ಮೂವತ್ತು ವಹಿವಾಟುಗಳ ಮೂವಿಂಗ್ ಅವರೇಜ್ (ಇತ್ತೀಚಿನ ಅಷ್ಟು ಅಂಕಿಗಳ ಚಲಿಸುವ ಸರಾಸರಿ) ಹಾಕಿ, ರೇಖೆ ಸರಾಸರಿಗಿಂತ ಮೇಲಿದ್ದಾಗ ಪೂರ್ತಿ ಗಾತ್ರ, ಕೆಳಗಿದ್ದಾಗ ಅರ್ಧ ಅಥವಾ ಸೊನ್ನೆ. ಕೇಳಲು ಸೊಗಸಾಗಿದೆ. ಆದರೆ ಇದು ಫಲ ಕೊಡಬೇಕಾದರೆ ಒಂದು ಷರತ್ತು ಇದೆ: ನಿಮ್ಮ ಪದ್ಧತಿಯ ಲಾಭಗಳು ಲಾಭಗಳ ಹಿಂದೆ, ನಷ್ಟಗಳು ನಷ್ಟಗಳ ಹಿಂದೆ ಗುಂಪಾಗಿ ಬರಬೇಕು. ನಾಣ್ಯ ಚಿಮ್ಮಿದಂತೆ ಒಂದಕ್ಕೊಂದು ಸಂಬಂಧವಿಲ್ಲದೆ ಬರುವುದಾದರೆ, ಹಿಂದಿನ ಹತ್ತು ನಷ್ಟಗಳು ಹನ್ನೊಂದನೆಯದರ ಬಗ್ಗೆ ಏನೂ ತಿಳಿಸುವುದಿಲ್ಲ, ಸರಾಸರಿಯ ಜರಡಿ ಬರೀ ವಹಿವಾಟು ತಪ್ಪಿಸುತ್ತದೆ.

ಬ್ರೇಕ್‌ಔಟ್‌ನಂಥ ಪದ್ಧತಿಗಳಲ್ಲಿ ಗುಂಪಾಗಿ ಬರಲು ಕಾರಣವಿದೆ. 2024ರ ಸೆಪ್ಟೆಂಬರ್ 26ರಂದು 26,216ರಲ್ಲಿ ಮುಕ್ತಾಯವಾಗಿದ್ದ ನಿಫ್ಟಿ 2025ರ ಮಾರ್ಚ್ 4ಕ್ಕೆ 22,082ಕ್ಕೆ, ಅಂದರೆ ಸುಮಾರು ಶೇ 16ರಷ್ಟು ಇಳಿಯಿತು. ಸಣ್ಣ ಕಂಪನಿಗಳ ಸೂಚ್ಯಂಕಗಳು ಅದಕ್ಕಿಂತ ಹೆಚ್ಚು ಇಳಿದವು. ಇಂಥ ತಿಂಗಳುಗಳಲ್ಲಿ ಹೊಸ ಎತ್ತರ ಮುಟ್ಟಿದ ಷೇರು ಕೊಂಡವರಿಗೆ ಒಂದರ ಹಿಂದೊಂದು ಸ್ಟಾಪ್ ತಗುಲುವುದು ಸಹಜ, ಏಕೆಂದರೆ ಸೋಲಿನ ಮೂಲ ಒಂದೇ ಆಗಿರುತ್ತದೆ. ಕುಸಿದಾಗ ಕೊಳ್ಳುವ ಪದ್ಧತಿಯಲ್ಲಿ ಪರಿಸ್ಥಿತಿ ತಲೆಕೆಳಗು. 2020ರ ಮಾರ್ಚ್ 23ರಂದು ಅಂಥ ಪದ್ಧತಿಯ ರೇಖೆ ತನ್ನ ಸರಾಸರಿಗಿಂತ ಬಹಳ ಕೆಳಗೆ ಇದ್ದೇ ಇರುತ್ತಿತ್ತು, ಮತ್ತು ಅತ್ಯುತ್ತಮ ಖರೀದಿಗಳು ಸಿಕ್ಕಿದ್ದು ಅದರ ಮರುದಿನದಿಂದಲೇ. ಆ ಪದ್ಧತಿಯವರು ಸರಾಸರಿಯ ಜರಡಿ ಹಾಕಿದರೆ ತಳದಲ್ಲಿ ಹೊರಹೋಗಿ ಎತ್ತರದಲ್ಲಿ ಒಳಬರುತ್ತಾರೆ.

ನಿಮ್ಮದು ಯಾವ ಜಾತಿ ಎಂದು ತಿಳಿಯಲು ನೆರಳು ದಾಖಲೆಯೇ ಸಾಕು. ಪ್ರತಿ ವಹಿವಾಟಿನ ಎದುರು, ಅದನ್ನು ತೆಗೆದುಕೊಂಡ ಹಿಂದಿನ ದಿನ ರೇಖೆ ಸರಾಸರಿಗಿಂತ ಮೇಲಿತ್ತೋ ಕೆಳಗಿತ್ತೋ ಎಂದು ಗುರುತು ಹಾಕಿ. ಅದೇ ದಿನದ ಅಂಕಿ ಬಳಸಿದರೆ ಉತ್ತರ ಪತ್ರಿಕೆ ನೋಡಿ ಪರೀಕ್ಷೆ ಬರೆದಂತಾಗುತ್ತದೆ. ನಂತರ ಎರಡು ಗುಂಪುಗಳ ಸರಾಸರಿ ಆರ್ ಹೋಲಿಸಿ. ಉದಾಹರಣೆಗೆ 120 ವಹಿವಾಟುಗಳಲ್ಲಿ ಮೇಲಿದ್ದಾಗಿನ 70ರ ಸರಾಸರಿ +0.35 ಆರ್, ಕೆಳಗಿದ್ದಾಗಿನ 50ರ ಸರಾಸರಿ −0.10 ಆರ್ ಬಂತು ಎನ್ನೋಣ. 0.45ರ ವ್ಯತ್ಯಾಸ ನಿರ್ಣಾಯಕ ಎಂದು ಯಾರಿಗಾದರೂ ಅನಿಸೀತು. ಆದರೆ ಒಂದೊಂದು ವಹಿವಾಟಿನ ಫಲಿತಾಂಶದ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಆಚೀಚೆ ಹರಡುವ ಪ್ರಮಾಣ) 1.5 ಆರ್ ಇದ್ದರೆ, ಇಷ್ಟು ಕಡಿಮೆ ದಾಖಲೆಗಳಲ್ಲಿ 0.28ರಷ್ಟು ಏರುಪೇರು ಬರೀ ಆಕಸ್ಮಿಕವಾಗಿ ಬರುತ್ತದೆ, 0.45 ಅದರ ಎರಡರಷ್ಟೂ ಇಲ್ಲ. ಸೂತ್ರಗಳು ಬೇಡವೆನಿಸಿದವರು ವಹಿವಾಟುಗಳ ಕ್ರಮವನ್ನು ಶೀಟಿನಲ್ಲಿ ಹಲವು ಸಲ ಯದ್ವಾತದ್ವಾ ಕಲೆಸಿ, ಪ್ರತಿ ಸಲವೂ ಇದೇ ಲೆಕ್ಕ ಮಾಡಿ ನೋಡಬಹುದು. ಕಲೆಸಿದ ಪಟ್ಟಿಗಳಲ್ಲೂ ಆಗಾಗ ಇಷ್ಟೇ ವ್ಯತ್ಯಾಸ ಕಾಣಿಸಿಕೊಂಡರೆ ಸರಾಸರಿಯನ್ನು ನಂಬಲು ಕಾರಣವಿಲ್ಲ.

ವ್ಯತ್ಯಾಸ ಸ್ಪಷ್ಟವಾಗಿ ಸಿಗದಿದ್ದರೆ ಐದನೇ ಹಂತದ ಮೆಟ್ಟಿಲಿಗಷ್ಟೇ ಅಂಟಿಕೊಳ್ಳಿ. ಇಪ್ಪತ್ತರ ಸರಾಸರಿ ಆಗಲಿಲ್ಲವೆಂದು ಹದಿನೇಳು, ಇಪ್ಪತ್ಮೂರು ಎಂದು ಬದಲಿಸುತ್ತಾ ಚೆನ್ನಾಗಿ ಕಾಣುವ ಅಂಕಿ ಹುಡುಕುವುದು ಹಳೆಯ ದಾಖಲೆಯನ್ನು ಅಲಂಕರಿಸುವ ಕೆಲಸವೇ ಹೊರತು ಬೇರೇನಲ್ಲ.

ಹಂತ 8: ಮರಳಿ ಮೇಲೇರುವ ನಿಯಮ

ಶೇ 0.5 ಮತ್ತು ಶೇ 0.25ರ ಮೆಟ್ಟಿಲುಗಳಿಂದ ಮೇಲೆ ಬರಲು ನಿಜವಾದ ಎನ್‌ಎವಿಯನ್ನೇ ನೋಡಬಹುದು, ಏಕೆಂದರೆ ಅದು ಇನ್ನೂ ಚಲಿಸುತ್ತಿರುತ್ತದೆ. ಇಳಿದ ಗೆರೆಯಲ್ಲೇ ಹತ್ತುವ ಬದಲು ಸ್ವಲ್ಪ ಅಂತರ ಇಡಿ: ಶೇ 8ರಲ್ಲಿ ಅರ್ಧಕ್ಕೆ ಇಳಿದಿದ್ದರೆ, ಕುಸಿತ ಶೇ 6ರೊಳಗೆ ಬಂದಮೇಲಷ್ಟೇ ಪೂರ್ತಿ ಗಾತ್ರ. ಇಲ್ಲದಿದ್ದರೆ 7.9 ಮತ್ತು 8.1ರ ನಡುವೆ ವಾರವಾರವೂ ಗಾತ್ರ ಬದಲಾಗುತ್ತಿರುತ್ತದೆ.

ಪೂರ್ತಿ ನಿಲ್ಲಿಸಿದ ಮೇಲೆ ನೆರಳು ರೇಖೆಯೇ ಆಧಾರ. ಅದು ತನ್ನ ತಳದಿಂದ, ಉದಾಹರಣೆಗೆ, ಆರು ಆರ್ ಮೇಲೆದ್ದ ನಂತರ ಶೇ 0.25ರಿಂದ ಆರಂಭಿಸುವುದು ಒಂದು ನಿಯಮ. ಅಂಕಿ ಯಾವುದೇ ಇರಲಿ, ಅದನ್ನು ನಿಲ್ಲಿಸುವ ಮೊದಲೇ ಬರೆದಿಡಬೇಕು. ಆ ವಿರಾಮದಲ್ಲಿ ಮಾಡಬೇಕಾದ ಪರಿಶೀಲನೆಯೂ ಒಂದಿದೆ: ನೆರಳು ರೇಖೆ ಮತ್ತು ನಿಜವಾದ ರೇಖೆಯ ನಡುವಿನ ಅಂತರ. ನೆರಳು ರೇಖೆ ಶೇ 7 ಇಳಿದಿದ್ದು ನಿಮ್ಮದು ಶೇ 16 ಇಳಿದಿದ್ದರೆ ಪದ್ಧತಿಯನ್ನು ದೂರುವಂತಿಲ್ಲ. ಸ್ಟಾಪ್ ಸರಿಸಿದ್ದು, ಸೂಚನೆಯಿಲ್ಲದೆ ಕೊಂಡದ್ದು, ಟೆಲಿಗ್ರಾಂ ಟಿಪ್ ನಂಬಿದ್ದು ಆ ಅಂತರದಲ್ಲಿ ಅಡಗಿರುತ್ತದೆ. ಎರಡೂ ಒಟ್ಟಿಗೇ ಇಳಿದಿದ್ದರೆ, ಮತ್ತು ಆ ಇಳಿತ ಹಿಂದಿನ ದಾಖಲೆಗಳ ಗರಿಷ್ಠ ಕುಸಿತಕ್ಕಿಂತ ಬಹಳ ಹೆಚ್ಚಾಗಿದ್ದರೆ, ಪದ್ಧತಿಯನ್ನೇ ಪ್ರಶ್ನಿಸುವ ಸಮಯ ಬಂದಿದೆ.

ಹಂತ 9: ವರ್ಷಕ್ಕೊಮ್ಮೆ ಸೂಚ್ಯಂಕದೊಂದಿಗೆ ಹೋಲಿಕೆ

ಮಾರ್ಚ್ 31ರಂದು ನಿಮ್ಮ ಎನ್‌ಎವಿಯನ್ನು ನಿಫ್ಟಿ 500ರ ಟೋಟಲ್ ರಿಟರ್ನ್ ಸೂಚ್ಯಂಕದಿಂದ ಭಾಗಿಸಿ ಇನ್ನೊಂದು ರೇಖೆ ಎಳೆಯಿರಿ. ಡಿವಿಡೆಂಡ್ ಸೇರದ ಸಾಮಾನ್ಯ ಸೂಚ್ಯಂಕದೊಂದಿಗೆ ಹೋಲಿಸಿದರೆ ನಿಮ್ಮ ಪಾಲಿಗೆ ಅನುಕೂಲಕರವಾದ ತಪ್ಪು ಸಿಗುತ್ತದೆ. 2018ರ ಫೆಬ್ರುವರಿಯಿಂದ ಮ್ಯೂಚುವಲ್ ಫಂಡ್‌ಗಳಿಗೂ ಸೆಬಿ ಟೋಟಲ್ ರಿಟರ್ನ್ ಸೂಚ್ಯಂಕವನ್ನೇ ಕಡ್ಡಾಯ ಮಾಡಿದೆ. ಈ ಅನುಪಾತದ ರೇಖೆ ಹಲವು ವರ್ಷ ಇಳಿಯುತ್ತಲೇ ಹೋದರೆ, ಎನ್‌ಎವಿ ಏರುತ್ತಿದ್ದರೂ, ಅದೇ ಹಣ ಇಂಡೆಕ್ಸ್ ಫಂಡ್‌ನಲ್ಲಿದ್ದರೆ ಹೆಚ್ಚು ಬೆಳೆಯುತ್ತಿತ್ತು ಎಂದರ್ಥ.

ಹೋಲಿಕೆಗೆ ಮುನ್ನ ತೆರಿಗೆಯನ್ನೂ ಕಳೆಯಬೇಕು, ಏಕೆಂದರೆ ಅದನ್ನು ಬೇರೆ ಬ್ಯಾಂಕ್ ಖಾತೆಯಿಂದ ಕಟ್ಟಿದರೆ ರೇಖೆಗೆ ಅದರ ಸುಳಿವೇ ಇರುವುದಿಲ್ಲ. 2024ರ ಜುಲೈ 23ರಿಂದ, ಒಂದು ವರ್ಷದೊಳಗೆ ಮಾರಿದ ಪಟ್ಟಿಯಾದ ಷೇರುಗಳ ಲಾಭಕ್ಕೆ ಶೇ 20, ಅದಕ್ಕಿಂತ ಹೆಚ್ಚು ಕಾಲ ಇಟ್ಟು ಮಾರಿದ ಲಾಭಕ್ಕೆ ವರ್ಷದ 1.25 ಲಕ್ಷ ರೂಪಾಯಿ ಮೀರಿದ ಭಾಗದ ಮೇಲೆ ಶೇ 12.5 ತೆರಿಗೆ ಇದೆ. ಸ್ವಿಂಗ್ ವಹಿವಾಟಿನ ಲಾಭವೆಲ್ಲ ಮೊದಲ ವರ್ಗಕ್ಕೆ ಬೀಳುವುದರಿಂದ, ಬುಕ್ ಮಾಡಿದ ನಿವ್ವಳ ಲಾಭದ ಐದನೇ ಒಂದು ಭಾಗವನ್ನು ಶೀಟಿನಲ್ಲಿ ಬಾಕಿ ಎಂದು ತೋರಿಸಿ ಎನ್‌ಎವಿಯಿಂದ ಕಳೆದುಬಿಡುವುದು ಉತ್ತಮ. ನಷ್ಟದ ವರ್ಷವಾದರೂ ಆದಾಯ ತೆರಿಗೆ ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸಿ. ಹಾಗೆ ಸಲ್ಲಿಸಿದವರು ಮಾತ್ರ ಆ ನಷ್ಟವನ್ನು ಎಂಟು ವರ್ಷಗಳವರೆಗೆ ಮುಂದಕ್ಕೆ ಒಯ್ದು ಬಂಡವಾಳ ಲಾಭದೊಂದಿಗೆ ವಜಾ ಮಾಡಿಕೊಳ್ಳಬಹುದು, ಮತ್ತು ಒಯ್ದ ಮೊತ್ತ ತೀರುವವರೆಗೆ ಶೀಟಿನ ತೆರಿಗೆ ಬಾಕಿಯ ಕಾಲಂ ಸೊನ್ನೆಯಲ್ಲೇ ಇರುತ್ತದೆ.